ಪೀಸಾದಲ್ಲಿ ಸಿಕ್ಕ ನಮ್ಮೂರ ಮಣ್ಣು

ಇಟಲಿಗೆ ಹೋಗಿ ಬಂದಿದ್ದೀಯಲ್ಲ, ಒಂದು ಪ್ರವಾಸ ಕಥನ ಬರೆದುಕೊಡು ಅಂತ ನಮ್ಮ ಕನ್ನಡ ಸಂಘದವರು ಕೇಳಿ ಎರಡು ಸಂಚಿಕೆ ದಾಟಿಹೋದವು. ಬರೆಯೋಕೆ ಕೂತಾಗಲೆಲ್ಲ ರೋಮ್‌ನಿಂದ ಶುರು ಮಾಡಿ ಯಶವಂತನಗರಕ್ಕೆ ಬಂದು ನಿಂತುಬಿಡುತ್ತಿದ್ದೆ. ಈ ಸಲ ಯಶವಂತನಗರದಿಂದಲೇ ಶುರು ಮಾಡುತ್ತೇನೆ, ಇಟಲಿ ಎಷ್ಟು ಬರುತ್ತೋ ಬರಲಿ.

ಯಶವಂತನಗರ ಅಂದರೆ ಬೆಂಗಳೂರಿನ ಯಶವಂತಪುರ ಅಲ್ಲ. ಹಾಸ್ಟೆಲ್ಲಿಗೆ ಬಂದ ಮೊದಲ ವಾರ ಇದನ್ನು ಹತ್ತು ಸಲವಾದರೂ ಹೇಳಿರಬೇಕು. ಬಳ್ಳಾರಿ ಜಿಲ್ಲೆ, ಸಂಡೂರು ತಾಲ್ಲೂಕು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲು ಹಳಿ ನಮ್ಮೂರ ಮೇಲೆ ಹಾಯ್ದು ಹೋಗುತ್ತದೆ. ಆ ಹಳಿಯ ಮೇಲೆ ನಾನು ಕಂಡಿದ್ದು ಅದಿರಿನ ವ್ಯಾಗನ್ನುಗಳನ್ನೇ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಆ ಕಡೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೂ ಹೊರಗಿನವರು ಯಾವೂರು ಅಂದರೆ "ಹಂಪಿ ಹತ್ತಿರ" ಅನ್ನೋ ನಮ್ಮ ಚಾಳಿ ಮಾತ್ರ ಹೋಗಿಲ್ಲ.

ನಮ್ಮೂರಿನ ಕಡೆ ಎಲ್ಲದರ ಮೇಲೂ ಒಂದು ಪದರ ಕೆಂಪು. ರಸ್ತೆ ಬದಿಯ ಬೇವಿನ ಮರದ ಎಲೆ ಕೆಂಪು, ಮೈಲಿಗಲ್ಲು ಕೆಂಪು, ಅಂಗಡಿಯ ಬಿಸ್ಕೀಟ್ ಡಬ್ಬದ ಮುಚ್ಚಳ ಕೆಂಪು. ಮಳೆ ಬಂದರೆ ಮೋರಿಯಲ್ಲಿ ಹರಿಯೋ ನೀರು ಕುಂಕುಮ ಕಲಸಿದಂತೆ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯೋಕೆ ಎರಡು ಬಕೆಟ್ಟು. ಒಂದು ನಮ್ಮೆಲ್ಲರದ್ದು, ಇನ್ನೊಂದು ಅಪ್ಪನದ್ದು. ಅಪ್ಪನ ಅಂಗಿ ನಮ್ಮ ಬಟ್ಟೆ ಜೊತೆ ನೆನೆದರೆ ಮುಗೀತು, ಶಾಲೆಯ ಬಿಳಿ ಸಮವಸ್ತ್ರ ಗುಲಾಬಿ ಬಣ್ಣ.

ಅಪ್ಪ ಲಾರಿ ಡ್ರೈವರ್. ಅದಿರಿಗೆ ಚೀನಾದಲ್ಲಿ ಬೆಲೆ ಏರಿ ಊರಿಗೆ ಊರೇ ಲಾರಿ ಕೊಳ್ಳುತ್ತಿದ್ದ ಕಾಲದಲ್ಲಿ ಅಪ್ಪನೂ ಸಾಲ ಮಾಡಿ ಒಂದು ಸ್ವಂತ ಲಾರಿ ತಂದರು. ಮುಂದೆ "ಶ್ರೀ ಕುಮಾರಸ್ವಾಮಿ ಪ್ರಸನ್ನ" ಅಂತ ಬರೆಸಿದ್ದು, ಹಾರ ಹಾಕಿ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಊರು ಸುತ್ತಿಸಿದ್ದು ನೆನಪಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕೋರ್ಟು ಮಾಡಿದ್ದು ಸರಿ ಅಂತ ಈಗ ನನಗನ್ನಿಸುತ್ತದೆ, ಆ ಗುಡ್ಡಗಳನ್ನು ಹೇಗೆ ಬಗೆದಿದ್ದರು ಅನ್ನೋದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ನಾನಾಗ ಎರಡನೇ ಕ್ಲಾಸು. ನನಗೆ ಗೊತ್ತಾಗಿದ್ದು ಇಷ್ಟೇ: ಲಾರಿ ಮನೆ ಮುಂದೆ ನಿಂತಿತು, ನಿಂತೇ ಇತ್ತು, ಆಮೇಲೆ ಒಂದು ದಿನ ಸಾಲ ಕೊಟ್ಟವರು ಬಂದು ಎಳೆದುಕೊಂಡು ಹೋದರು. ಅಪ್ಪ ಕೆಲವು ವರ್ಷ ಕಂಡವರ ಲಾರಿ ಓಡಿಸಿದರು. ಬೆನ್ನು ನೋವು ಶುರುವಾದ ಮೇಲೆ ಒಂದು ವೇಬ್ರಿಡ್ಜಿನಲ್ಲಿ ತೂಕ ಬರೆಯೋ ಕೆಲಸಕ್ಕೆ ಸೇರಿದರು. ಲಾರಿ ಕಾಟಾ ಹತ್ತುವ ಮೊದಲೇ ಟೈರು ಅಮರಿದ್ದು ನೋಡಿ ಇಷ್ಟು ಟನ್ನು ಅನ್ನುತ್ತಾರೆ. ಮಷೀನು ಆಮೇಲೆ ಹೌದು ಅನ್ನುತ್ತದೆ.

ಈ ವಿಷಯವನ್ನು ಕಾಲೇಜಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಅಡ್ಮಿಷನ್ ದಿನ ಅಪ್ಪ ತಮ್ಮ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕಾಲರಿನ ಒಳಮಗ್ಗುಲಲ್ಲಿ ಎಷ್ಟು ತಿಕ್ಕಿದರೂ ಹೋಗದ ಒಂದು ಕೆಂಪು ಗೆರೆ. ರೂಮ್‌ಮೇಟಿನ ಅಮ್ಮ ಅದನ್ನು ನೋಡಿದ್ದನ್ನು ನಾನು ನೋಡಿದೆ. "ನಿಮ್ಮ ತಂದೆಯವರು ಏನು ಮಾಡ್ತಾರೆ?" ಅಂದರು. "ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಆಂಟಿ" ಅಂದೆ. ಅಪ್ಪ ಪಕ್ಕದಲ್ಲೇ ಟ್ರಂಕು ಹಿಡಿದು ನಿಂತಿದ್ದರು.

ಈಗ ಇಟಲಿ. ಐದನೇ ಸೆಮಿಸ್ಟರಿನಲ್ಲಿ ಓಪನ್ ಎಲೆಕ್ಟಿವ್ ತೊಗೋಬೇಕಲ್ಲ, ಕಲಾ ಇತಿಹಾಸ ಅಂತ ಒಂದಿತ್ತು. ಸುಲಭವಾಗಿ ಅಂಕ ಬರುತ್ತೆ ಅನ್ನೋ ಸೀನಿಯರ್‌ಗಳ ಮಾತು ಕೇಳಿ ಸೇರಿದೆ, ಸುಳ್ಳು ಯಾಕೆ ಹೇಳಲಿ. ಪಾಠ ಮಾಡಿದ ಮೇಡಂ ರಜೆಯಲ್ಲಿ 18 ದಿನದ ಅಧ್ಯಯನ ಪ್ರವಾಸಕ್ಕೆ ಹುಡುಗರನ್ನು ಕರೆದುಕೊಂಡು ಹೋಗುವವರಿದ್ದರು. ಬೇರೆ ಬೇರೆ ಕಾಲೇಜಿನವರು ಸೇರಿ ಹದಿನಾಲ್ಕು ಜನ, ಹೆಚ್ಚಿನವರು ಆರ್ಕಿಟೆಕ್ಚರ್. ಸಿವಿಲ್‌ನಿಂದ ನಾನೊಬ್ಬಳೇ. ಖರ್ಚಿನಲ್ಲಿ ಅರ್ಧ ವಿದ್ಯಾರ್ಥಿವೇತನ ಸಿಕ್ಕಿತು. ಉಳಿದರ್ಧಕ್ಕೆ ಅವ್ವ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದಳು, ಅಪ್ಪ ಚೀಟಿ ಕೂಗಿದರು.

"ಗೋಡೆ ನೋಡಾಕೆ ಅಷ್ಟು ದೂರ ಹೋಗ್ಬೇಕೇನವ್ವಾ?" ಅಂತ ಅಪ್ಪ ಒಂದೇ ಒಂದು ಸಲ ಕೇಳಿದ್ದು. ನಾನು ಏನೇನೋ ವಿವರಿಸಿದೆ. "ಆತು, ನೋಡ್ಕಂಡು ಬಾ" ಅಂದರು.

ವೀಸಾಕ್ಕೆ ಖರ್ಚು ಯಾರು ಭರಿಸುತ್ತಾರೆ ಅಂತ ಪತ್ರ ಕೊಡಬೇಕು. ಇಂಗ್ಲಿಷಿನಲ್ಲಿ ನಾನೇ ಟೈಪ್ ಮಾಡಿದೆ. ತಂದೆಯ ಉದ್ಯೋಗ ಅನ್ನೋ ಕಡೆ ಬೆರಳು ನಿಂತಿತು. ವೇಬ್ರಿಡ್ಜ್ ಅಂತ ಬರೆದರೆ ವೀಸಾ ಕೊಡ್ತಾರೋ ಇಲ್ವೋ ಅಂತ ನನಗೆ ನಾನೇ ಹೇಳಿಕೊಂಡು "ಲಾಜಿಸ್ಟಿಕ್ಸ್" ಅಂತ ಹಾಕಿದೆ. ಅಪ್ಪ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿ, "ಲಾಜಿಸ್ಟಿಕ್ಸ್ ಅಂದ್ರೆ ಏನವ್ವಾ?" ಅಂದರು.

"ಸಾಮಾನು ಸಾಗಿಸೋದಪ್ಪ."

"ಹಂಗಾದ್ರೆ ಸರಿ ಐತೆ" ಅಂತ ಸಹಿ ಮಾಡಿಕೊಟ್ಟರು.

ರೋಮ್‌ ಬಗ್ಗೆ ಹೆಚ್ಚು ಬರೆಯಲ್ಲ. ನಾಲ್ಕು ದಿನ ಇದ್ದೆವು, ನಾಲ್ಕು ದಿನವೂ ಕಾಲು ನೋವು. ಕೊಲೋಸಿಯಮ್ ನೋಡಿದೆ, ಸಿಸ್ಟೀನ್ ಚಾಪೆಲ್‌ನಲ್ಲಿ ಕತ್ತು ಎತ್ತಿ ನಿಂತೆ, ಹಿಂದಿನವರು ತಳ್ಳಿದರು, ಹೊರಗೆ ಬಂದೆ. ಅಷ್ಟು ದುಡ್ಡು ಖರ್ಚು ಮಾಡಿ ಬಂದು ಏನೂ ಅನ್ನಿಸುತ್ತಿಲ್ಲವಲ್ಲ ಅಂತ ಹೊಟ್ಟೆಯಲ್ಲಿ ಒಂದು ಸಂಕಟ. ಜೊತೆಗಿದ್ದ ಆರ್ಕಿಟೆಕ್ಚರ್ ಹುಡುಗಿಯರು ಪ್ರತಿ ಚಿತ್ರದ ಮುಂದೆಯೂ "ವಾವ್" ಅನ್ನುತ್ತಿದ್ದರು. ನಾನೂ ಅಂದೆ. ಅವ್ವನ ಸಂಘದ ಸಾಲಕ್ಕಾದರೂ ಅನ್ನಬೇಕಲ್ಲ!

ಫ್ಲಾರೆನ್ಸಿಗೆ ಬಂದ ಮೇಲೆ ಸ್ವಲ್ಪ ಉಸಿರಾಡಿದ ಹಾಗಾಯಿತು. ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ ನೋಡಿ ಯಾವ ಸಿವಿಲ್ ವಿದ್ಯಾರ್ಥಿ ಸುಮ್ಮನಿರುತ್ತಾನೆ? ಬ್ರುನೆಲ್ಲೆಸ್ಕಿ ಅನ್ನೋ ಮನುಷ್ಯ 1420ರಿಂದ 1436ರ ತನಕ, ಕೆಳಗಿನಿಂದ ಮರದ ಆಸರೆ ಕೊಡದೆ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಕಚ್ಚಿಸಿ ಅದನ್ನು ಕಟ್ಟಿಸಿದ. ಸಾಂತಾ ಮಾರಿಯಾ ನೊವೆಲ್ಲಾ ಅನ್ನೋ ಇನ್ನೊಂದು ಚರ್ಚಿನಲ್ಲಿ ಮಸಾಚ್ಚೋ ಎಂಬ ಚಿತ್ರಕಾರ ಸುಮಾರು 1427ರಲ್ಲಿ ಬರೆದ ತ್ರಿಮೂರ್ತಿಯ ಗೋಡೆ ಚಿತ್ರ ಇದೆ (ಅವರ ತ್ರಿಮೂರ್ತಿ ಬೇರೆ: ತಂದೆ, ಮಗ, ಪವಿತ್ರಾತ್ಮ). ಚಿತ್ರದಲ್ಲಿ ಒಂದು ಕಮಾನಿನ ಕೋಣೆ ಗೋಡೆಯೊಳಕ್ಕೆ ಹೋದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಹಸಿ ಗಾರೆಯ ಮೇಲೆ ದಾರ ಒತ್ತಿ ಎಳೆದ ಗೆರೆಗಳು ಇನ್ನೂ ಇವೆ. ಮೊದಲನೇ ವರ್ಷ ಇಂಜಿನಿಯರಿಂಗ್ ಗ್ರಾಫಿಕ್ಸಿನಲ್ಲಿ ನಾವು ವ್ಯಾನಿಷಿಂಗ್ ಪಾಯಿಂಟಿಗೆ ಗೆರೆ ಎಳೆದು ಎಳೆದು ರಬ್ಬರ್ ಸವೆಸಿದ್ದೆವಲ್ಲ, ಅದೇ ಕೆಲಸ. ಅದನ್ನು ನೋಡಿದಾಗ ಮೊದಲ ಸಲ ನಾನು "ವಾವ್" ಅನ್ನದೆ ಸುಮ್ಮನೆ ನಿಂತೆ.

ಗೋಡೆಗೆ ಚಿತ್ರ ಬರೆಯೋ ಕ್ರಮವನ್ನು ಮೇಡಂ ಅಲ್ಲೇ ವಿವರಿಸಿದರು. ಕೆಮಿಸ್ಟ್ರಿ ನಮಗೆ ಗೊತ್ತಿರೋದೇ. ಸುಟ್ಟ ಸುಣ್ಣಕ್ಕೆ ನೀರು ಹಾಕಿ, ಮರಳು ಬೆರೆಸಿ ಗಾರೆ ಮಾಡಿ ಗೋಡೆಗೆ ಮೆತ್ತುತ್ತಾರೆ. ಗಾರೆ ಹಸಿ ಇರುವಾಗಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳನ್ನೂ ಒಳಗೆ ಹಿಡಿದುಕೊಂಡು ಬಿಡುತ್ತದೆ. ಅಂಟು ಬೇಡ, ಎಣ್ಣೆ ಬೇಡ. ಆದರೆ ಒಂದು ದಿನಕ್ಕೆ ಎಷ್ಟು ಬರೆಯೋಕಾಗುತ್ತೋ ಅಷ್ಟೇ ಗಾರೆ ಮೆತ್ತಬೇಕು. ಅದಕ್ಕೆ ಅವರಲ್ಲಿ ಜೊರ್ನಾತಾ ಅಂತಾರೆ, ಅಂದರೆ ದಿನದ ಕೆಲಸ, ನಮ್ಮಲ್ಲಿ ದಿನಗೂಲಿ ಲೆಕ್ಕ ಇರುತ್ತಲ್ಲ ಹಾಗೆ. ಆ ತುಂಡು ತುಂಡಿನ ಅಂಚು ಹತ್ತಿರದಿಂದ ಕಾಣಿಸುತ್ತದೆ. ಸುಣ್ಣ ಖಾರ ವಸ್ತು, ಅದನ್ನು ತಡೆದುಕೊಳ್ಳುವ ಬಣ್ಣವೇ ಆಗಬೇಕು. ಅವರು ಬಳಸುತ್ತಿದ್ದ ಅಜುರೈಟ್ ನೀಲಿ ತಡೆಯಲ್ಲ, ಅದನ್ನು ಗೋಡೆ ಒಣಗಿದ ಮೇಲೆ ಅಂಟು ಸೇರಿಸಿ ಹಚ್ಚಬೇಕು. ಎಷ್ಟೋ ಕಡೆ ನೀಲಿ ಉದುರಿಹೋಗಿ ದೇವಮಾತೆಯ ಸೆರಗು ಬೋಳಾಗಿರುವುದು ಅದಕ್ಕೇ. ಮಣ್ಣಿನ ಬಣ್ಣಗಳು, ಅದರಲ್ಲೂ ಕಬ್ಬಿಣದ ಕೆಂಪು, ಏನು ಮಾಡಿದರೂ ಜಗ್ಗಲ್ಲ.

ಇದನ್ನು ಬರೆದುಕೊಂಡೆ. ಆದರೂ ತಲೆಯಲ್ಲಿ ಏನೂ ಹೊಳೆಯಲಿಲ್ಲ ನೋಡಿ.

ಪೀಸಾಕ್ಕೆ ಹೋಗಿದ್ದು ಹನ್ನೆರಡನೇ ದಿನ, ಫ್ಲಾರೆನ್ಸಿನಿಂದ ರೈಲಿನಲ್ಲಿ ಒಂದು ತಾಸಿನ ದಾರಿ. (ಅವ್ವ ಈಗಲೂ ಅದನ್ನು "ಪಿಜ್ಜಾ ಗೋಪುರ" ಅಂತಲೇ ಕರೆಯೋದು.) ವಾಲಿದ ಗೋಪುರವನ್ನು ಕೈಯಲ್ಲಿ ತಡೆಹಿಡಿದ ಫೋಟೊ ನಾನೂ ತೆಗೆಸಿಕೊಂಡಿದ್ದೇನೆ, ನಗಬೇಡಿ. ಜಿಯೋಟೆಕ್ನಿಕಲ್ ಓದುತ್ತಿರೋರಿಗೆ ಒಂದು ಮಾತು: 1173ರಲ್ಲಿ ಶುರುವಾದ ಕೆಲಸ ಮೂರನೇ ಅಂತಸ್ತಿನ ಹೊತ್ತಿಗೆ ನಿಂತುಹೋಗಿ ಹೆಚ್ಚುಕಮ್ಮಿ ನೂರು ವರ್ಷ ಹಾಗೇ ಇತ್ತು. ಅಷ್ಟರಲ್ಲಿ ಕೆಳಗಿನ ಮೆತ್ತನೆ ಜೇಡಿ ಅಮರಿ ಗಟ್ಟಿಯಾಯಿತು. ಒಂದೇ ಉಸಿರಿನಲ್ಲಿ ಕಟ್ಟಿದ್ದರೆ ಆಗಲೇ ಬೀಳುತ್ತಿತ್ತು ಅನ್ನುತ್ತಾರೆ. 1990ರಲ್ಲಿ ಜನರನ್ನು ಬಿಡೋದು ನಿಲ್ಲಿಸಿ, ಎತ್ತರವಾಗಿದ್ದ ಉತ್ತರದ ಬದಿಯಲ್ಲಿ ಅಡಿಪಾಯದ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಮಣ್ಣು ಕೊರೆದು ತೆಗೆದು, ಗೋಪುರವನ್ನು ಸುಮಾರು ಅರ್ಧ ಡಿಗ್ರಿ ಹಿಂದಕ್ಕೆ ತಂದರು. 2001ರಲ್ಲಿ ಮತ್ತೆ ತೆರೆದರು. ಕನ್ಸಾಲಿಡೇಷನ್ ಪಾಠದಲ್ಲಿ ನಿದ್ದೆ ಮಾಡಿದ ಪಾಪ ನನಗೆ ಅಲ್ಲಿ ಕಾಡಿತು.

ಗೋಪುರದ ಪಕ್ಕ ಕಾಂಪೊಸಾಂತೊ ಅಂತ ಒಂದು ಸ್ಮಶಾನ ಇದೆ. ನಮ್ಮ ದೇವಸ್ಥಾನದ ಸಾಲುಮಂಟಪದ ಹಾಗೆ ನಾಲ್ಕು ಕಡೆ ಉದ್ದನೆ ಪಡಸಾಲೆ, ನಡುವೆ ಹುಲ್ಲು. ಪಡಸಾಲೆಯ ಗೋಡೆಗಳ ತುಂಬಾ ಚಿತ್ರಗಳಿದ್ದವು. ಎರಡನೇ ಮಹಾಯುದ್ಧದಲ್ಲಿ, 1944ರ ಜುಲೈ 27ರಂದು, ಗುಂಡಿನ ದಾಳಿಯಿಂದ ಚಾವಣಿಗೆ ಬೆಂಕಿ ಬಿತ್ತು. ಮರದ ತೊಲೆಗಳು ಉರಿದವು, ಮೇಲೆ ಹೊದಿಸಿದ್ದ ಸೀಸದ ತಗಡು ಕರಗಿ ಗೋಡೆಗಳ ಮೇಲೆ ಇಳಿಯಿತು. ಅಳಿದುಳಿದ ಚಿತ್ರಗಳನ್ನು ಉಳಿಸಬೇಕು ಅಂತ ಆಮೇಲೆ ತಜ್ಞರು ಬಣ್ಣದ ಪದರವನ್ನು ಗೋಡೆಯಿಂದ ನಾಜೂಕಾಗಿ ಬಿಡಿಸಿ ತೆಗೆದರು. ಬಿಡಿಸಿದರೆ ಒಳಗಿನ ಒರಟು ಗಾರೆಯ ಮೇಲೆ ಇನ್ನೊಂದು ಚಿತ್ರ! ಮೇಲಿನ ಚಿತ್ರ ಬರೆಯುವ ಮೊದಲು ಚಿತ್ರಕಾರರು ಅಳತೆಗೆ, ಅಂದಾಜಿಗೆ ಕುಂಚದಲ್ಲಿ ಎಳೆದ ಕೆಂಪು ಗೆರೆಗಳು. ಮೇಲೆ ನುಣ್ಣನೆ ಗಾರೆ ಮೆತ್ತಿದ ಮೇಲೆ ಯಾರಿಗೂ ಕಾಣಬಾರದು ಅಂತಲೇ ಎಳೆದವು. ಆರುನೂರು ವರ್ಷ ಯಾರಿಗೂ ಕಾಣದೆ ಒಳಗೇ ಇದ್ದವು. ಈಗ ಅವುಗಳದ್ದೇ ಒಂದು ಮ್ಯೂಸಿಯಂ ಮಾಡಿದ್ದಾರೆ, ಹಳೆಯ ಆಸ್ಪತ್ರೆಯ ಕಟ್ಟಡವೊಂದರಲ್ಲಿ, 1979ರಿಂದ. ಗೋಪುರದ ಮುಂದೆ ಸಾವಿರ ಜನ ಇದ್ದರೆ ಇಲ್ಲಿ ನಾವು ಹದಿನೈದು ಜನ.

ಒಳಗೆ ಅರೆಬೆಳಕು. ಎರಡಾಳು ಎತ್ತರದ ಗೋಡೆ ತುಂಡುಗಳು. ಬುಫಲ್ಮಾಕೊ ಅನ್ನುವವನದ್ದು ಅನ್ನುತ್ತಾರೆ, 1330ರ ದಶಕದಲ್ಲಿ ಶುರುಮಾಡಿದ "ಸಾವಿನ ವಿಜಯ" ಅನ್ನೋ ಚಿತ್ರದ ಒಳಗೆರೆಗಳು. ಬೇಟೆಗೆ ಹೊರಟ ಶ್ರೀಮಂತರಿಗೆ ದಾರಿಯಲ್ಲಿ ತೆರೆದ ಮೂರು ಶವಪೆಟ್ಟಿಗೆ ಎದುರಾಗುತ್ತವೆ, ಕುದುರೆಯೊಂದು ಕತ್ತು ಚಾಚುತ್ತದೆ. ಬಣ್ಣ ಇಲ್ಲ, ಚಿನ್ನ ಇಲ್ಲ, ನೀಲಿ ಇಲ್ಲ. ಬರೀ ಕೆಂಪು. ಒಂದು ಕಡೆ ಗೆರೆ ದಪ್ಪ, ಒಂದು ಕಡೆ ಕುಂಚದಲ್ಲಿ ನೀರು ಹೆಚ್ಚಾಗಿ ತೆಳುವಾಗಿದೆ. ಅರ್ಧ ತಾಸು ಒಂದೇ ತುಂಡಿನ ಮುಂದೆ ಕೂರಬೇಕು, ಫೋನು ಮುಟ್ಟಬಾರದು ಅಂತ ಮೇಡಂ ಹೇಳಿದ್ದರು. ಕೂತೆ. ಹತ್ತು ನಿಮಿಷ ಆದ ಮೇಲೆ ನನಗೆ ಚಿತ್ರ ಕಾಣೋದು ನಿಂತು ಬಣ್ಣ ಮಾತ್ರ ಕಾಣತೊಡಗಿತು. ಈ ಕೆಂಪು ನನಗೆ ಗೊತ್ತು. ಕಾಲರಿನ ಒಳಗಿದ್ದ ಗೆರೆ ಇದೇ. ಅವ್ವನ ಎರಡನೇ ಬಕೆಟ್ಟಿನ ನೀರು ಇದೇ.

ಇದಕ್ಕೆ ಸಿನೋಪಿಯಾ ಅಂತ ಹೆಸರು, ಕಪ್ಪು ಸಮುದ್ರದ ದಂಡೆಯ ಸಿನೋಪ್ ಊರಿನಿಂದ ಬಂದ ಹೆಸರು ಅಂತ ಮೇಡಂ ಹೇಳುತ್ತಿದ್ದರು. "ಕೆಮಿಕಲಿ ಇದು ಏನು, ಯಾರಾದರೂ ಹೇಳಿ?" ಅಂದರು. ಹದಿನೆಂಟು ದಿನದಲ್ಲಿ ನಾನು ಕೈ ಎತ್ತಿದ್ದು ಅದೊಂದೇ ಸಲ. ಕಬ್ಬಿಣದ ಆಕ್ಸೈಡ್, ಹೆಮಟೈಟ್, ನಮ್ಮೂರಿನಲ್ಲಿ ಗುಡ್ಡಗಟ್ಟಲೆ ಇದೆ ಅಂದೆ. ಎಲ್ಲರೂ ತಿರುಗಿ ನೋಡಿದರು. ಮೂರನೇ ಸೆಮಿಸ್ಟರಿನ ಜಿಯಾಲಜಿ ಲ್ಯಾಬು ನೆನಪಿಸಿಕೊಳ್ಳಿ: ಹೆಮಟೈಟ್ ಕಲ್ಲು ನೋಡೋಕೆ ಬೂದು, ಕೆಲವೊಮ್ಮೆ ಉಕ್ಕಿನ ಹಾಗೆ ಹೊಳೆಯುತ್ತದೆ. ಬಿಳಿ ಸ್ಟ್ರೀಕ್ ಪ್ಲೇಟಿನ ಮೇಲೆ ಗೀರಿದರೆ ಮಾತ್ರ ಕೆಂಪು ಗೆರೆ ಬೀಳುತ್ತದೆ. ನಮ್ಮ ಕಡೆ ಬ್ಲೂ ಡಸ್ಟ್ ಅಂತ ಒಂದು ಅದಿರು ಸಿಗುತ್ತದೆ, ನೀಲಿ ಛಾಯೆಯ ಪುಡಿ. ಚಿಕ್ಕಂದಿನಲ್ಲಿ ಅಪ್ಪ ಅದನ್ನು ನನ್ನ ಅಂಗೈಯಲ್ಲಿ ಹಾಕಿ ಉಜ್ಜಿ, ನೋಡು ಹೆಂಗೆ ಕೆಂಪಾತು ಅಂತ ಆಟ ಆಡಿಸುತ್ತಿದ್ದರು. ಲ್ಯಾಬಿನಲ್ಲಿ ಆ ಪ್ರಯೋಗ ಮಾಡುವಾಗ ಇದು ನನಗೆ ಮೊದಲೇ ಗೊತ್ತು ಅಂತ ಯಾಕೆ ಬಾಯಿಬಿಡಲಿಲ್ಲ ಅಂತ ಅಲ್ಲಿ ಕೂತು ಯೋಚಿಸಿದೆ. ಉತ್ತರ ಗೊತ್ತಿತ್ತು.

ಹೊರಗೆ ಬಂದು ಹುಲ್ಲಿನ ಮೇಲೆ ಊಟದ ಡಬ್ಬಿ ತೆಗೆದಾಗ ಮೇಡಂ ಒಂದು ಕಥೆ ಹೇಳಿದರು. ಚೆನ್ನಿನೊ ಚೆನ್ನಿನಿ ಅಂತ ಒಬ್ಬ ಚಿತ್ರಕಾರ, ಸುಮಾರು 1400ರ ಹೊತ್ತಿಗೆ ಚಿತ್ರಕಲೆಯ ಕಸುಬಿನ ಬಗ್ಗೆ ಒಂದು ಪುಸ್ತಕ ಬರೆದ. ಗೋಡೆಗೆ ಗಾರೆ ಹೇಗೆ ಮೆತ್ತಬೇಕು, ಕುಂಚ ಹೇಗೆ ಕಟ್ಟಬೇಕು, ಬಣ್ಣ ಹೇಗೆ ಅರೆಯಬೇಕು, ಹೀಗೆ ನಮ್ಮ ಲ್ಯಾಬ್ ಮ್ಯಾನುಯಲ್ ಇದ್ದ ಹಾಗೆ. ಮಣ್ಣಿನ ಬಣ್ಣದ ವಿಷಯ ಬಂದಾಗ ಮಾತ್ರ ಅವನು ಮ್ಯಾನುಯಲ್ ಬಿಟ್ಟು ತನ್ನ ನೆನಪು ಹೇಳುತ್ತಾನೆ. ಒಂದು ದಿನ ಅವನ ಅಪ್ಪ ಆಂದ್ರೆಯಾ ಅವನನ್ನು ಕೊಲ್ಲೆ ಊರಿನ ಹತ್ತಿರದ ಒಂದು ಕಣಿವೆಗೆ ಕರೆದುಕೊಂಡು ಹೋದ. ಅಲ್ಲಿ ಇಳಿಜಾರನ್ನು ಸಲಿಕೆಯಿಂದ ಕೆರೆದರೆ ಒಂದರ ಮೇಲೊಂದು ಬಣ್ಣದ ಪಟ್ಟೆಗಳು: ಹಳದಿ, ಕೆಂಪು, ನೀಲಿ, ಬಿಳಿ. ಬಣ್ಣ ಅಂಗಡಿಯಿಂದಲ್ಲ, ಮಣ್ಣಿನಿಂದ ಬರುತ್ತೆ ಅಂತ ಹುಡುಗನಿಗೆ ಗೊತ್ತಾಗಿದ್ದು ಅಂದು.

ನಾನು ಎದ್ದು ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ಮಧ್ಯಾಹ್ನ ನಾಲ್ಕರ ಹತ್ತಿರ. ಹಿಂದೆ ಲಾರಿ ಹಾರ್ನು. ಒಳಗೆ ಫೋಟೊ ತೆಗೆಯಲು ಬಿಟ್ಟ ಜಾಗದಲ್ಲಿ ತೆಗೆದುಕೊಂಡಿದ್ದ ಒಂದು ಚಿತ್ರ ಕಳಿಸಿ, "ಅಪ್ಪ, ಇದು ನಮ್ಮ ಮಣ್ಣೇ. ಏಳುನೂರು ವರ್ಷದ ಹತ್ತಿರ ಆಯ್ತು ಬರೆದು" ಅಂದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಗ್ರೇಡ್ ಎಷ್ಟೈತಂತೆ?" ಅಂದರು.

ನಗು ತಡೆಯೋಕಾಗಲಿಲ್ಲ. ಅಷ್ಟರಲ್ಲಿ ಲಾರಿ ಕಾಟಾ ಹತ್ತಿತು, ಫೋನ್ ಇಟ್ಟರು. ಅವತ್ತು ಫ್ಲಾರೆನ್ಸಿಗೆ ವಾಪಸ್ ಬರುವ ರೈಲಿನಲ್ಲಿ ಪಕ್ಕದಲ್ಲಿ ಕೂತಿದ್ದವಳು "ನಿಮ್ಮ ಫಾದರ್ ಜಿಯಾಲಜಿಸ್ಟಾ?" ಅಂತ ಕೇಳಿದಳು. "ಇಲ್ಲ. ಅದಿರಿನ ಲಾರಿ ಓಡಿಸ್ತಿದ್ದರು, ಈಗ ವೇಬ್ರಿಡ್ಜಿನಲ್ಲಿ ತೂಕ ಬರೀತಾರೆ" ಅಂದೆ. ಅವಳು "ಓ" ಅಂದು, ಬಿಸ್ಕೀಟ್ ಬೇಕಾ ಅಂತ ಪೊಟ್ಟಣ ಚಾಚಿದಳು. ಅಷ್ಟೇ. ಮೂರು ವರ್ಷ ನಾನು ಹೆದರಿಕೊಂಡಿದ್ದು ಇಷ್ಟಕ್ಕೇನಾ ಅನ್ನಿಸಿತು.

ಫ್ಲಾರೆನ್ಸಿನ ಉಳಿದ ದಿನಗಳಲ್ಲಿ ನೋಡಿದ್ದೆಲ್ಲ ಬೇರೆಯಾಗಿ ಕಂಡಿತು ಅಂತ ಬರೆದರೆ ಸುಳ್ಳಾಗುತ್ತೆ. ಉಫೀಜಿಯಲ್ಲಿ ಮತ್ತೆ ಕಾಲು ನೋವೇ. ಆದರೆ ಎಲ್ಲಿ ಹೋದರೂ ಮೊದಲು ಕೆಂಪು ಹುಡುಕೋ ಚಟ ಹತ್ತಿತು. ಇನ್ನೊಂದು ವಿಷಯ ತಿಳಿದು ಖುಷಿಯಾಯಿತು. ನಿಕೊಲೊ ಕೊಂಟಿ ಅಂತ ಹೈಸ್ಕೂಲಿನಲ್ಲಿ "ವಿಜಯನಗರಕ್ಕೆ ಭೇಟಿ ನೀಡಿದ ವಿದೇಶಿ ಪ್ರವಾಸಿಗರು" ಪಟ್ಟಿಯಲ್ಲಿ ಉರು ಹೊಡೆದಿದ್ದೆವಲ್ಲ, ಆ ಮನುಷ್ಯ 1420ರ ಸುಮಾರಿಗೆ ನಮ್ಮ ಕಡೆ ಬಂದು, ಎಷ್ಟೋ ವರ್ಷದ ಮೇಲೆ ಇಟಲಿಗೆ ಮರಳಿ, ಪೋಪ್ ಕಚೇರಿಯ ಕಾರ್ಯದರ್ಶಿ ಪೊಜ್ಜೊ ಎಂಬುವವನಿಗೆ ತನ್ನ ಕಥೆ ಹೇಳಿದ್ದು ಇದೇ ಫ್ಲಾರೆನ್ಸಿನಲ್ಲಿ. ನಗರದ ಸುತ್ತಳತೆ 60 ಮೈಲಿ ಅಂತ ಬರೆಸಿದ್ದಾನೆ. ಅದೇ ವರ್ಷಗಳಲ್ಲಿ ಇಲ್ಲಿ ಬ್ರುನೆಲ್ಲೆಸ್ಕಿ ಗುಮ್ಮಟ ಏರುತ್ತಿತ್ತು. ಅವನು ನಮ್ಮೂರು ನೋಡಿ ಬಂದು ಇಲ್ಲಿ ಹೇಳಿದ. ನಾನು ಇಲ್ಲಿ ನೋಡಿ ಹೋಗಿ ಅಲ್ಲಿ ಯಾರಿಗೆ ಹೇಳಬೇಕು ಅನ್ನೋದು ಆಗಲೇ ಗೊತ್ತಾಗಿತ್ತು.

ಕೊನೆಯ ದಿನ ಮೇಡಂ ಎಲ್ಲರ ಹತ್ತಿರವೂ ಒಂದು ಪ್ರಶ್ನೆ ಕೇಳಿದರು: ನಿಮ್ಮ ಮನೆಗೆ ಹತ್ತಿರ ಇರುವ ಗೋಡೆ ಚಿತ್ರ ಯಾವುದು, ಅದರಲ್ಲಿ ಏನೇನಿದೆ? ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ಅಂದೆ. ಏನಿದೆ ಅಂದರೆ ಬಾಯಿ ಕಟ್ಟಿತು. ಜಾತ್ರೆಗೆ, ಜವಳ ತೆಗೆಸೋಕೆ, ಮದುವೆಗೆ, ಶಾಲೆಯ ಪಿಕ್ನಿಕ್ಕಿಗೆ ಅಂತ ಹತ್ತಿಪ್ಪತ್ತು ಸಲ ಅದರ ಕೆಳಗೆ ನಡೆದಿದ್ದೇನೆ. ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಕತ್ತಲೆ ಕೋಣೆಗೆ ಓಡುತ್ತಿದ್ದೆನೇ ಹೊರತು ಮೇಲೆ ನೋಡಿರಲಿಲ್ಲ.

ಊರಿಗೆ ಬಂದ ಎರಡನೇ ಭಾನುವಾರ ಅಪ್ಪನನ್ನು ಹೊರಡಿಸಿದೆ. ಸಂಡೂರು, ಹೊಸಪೇಟೆ, ಅಲ್ಲಿಂದ ಹಂಪಿ ಬಸ್ಸು. "ಗೋಡೆ ನೋಡಾಕಾ?" ಅಂದರು. "ಸೂರು ನೋಡಾಕೆ" ಅಂದೆ. ಅವ್ವ ಬರಲಿಲ್ಲ, ಸಂಘದ ಮೀಟಿಂಗು. ಕಂತು ಕಟ್ಟಬೇಕಿತ್ತು, ನನ್ನದೇ ಕಂತು.

ಆ ಮಂಟಪ ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ್ದು. ಚಿತ್ರಗಳು ಯಾವ ಕಾಲದವು ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಈಗ ಕಾಣೋದು ಬಹಳ ಈಚಿನದು ಅನ್ನುವವರೂ ಇದ್ದಾರೆ. ಇಬ್ಬರೂ ಕಂಬಕ್ಕೆ ಒರಗಿ ಕತ್ತೆತ್ತಿದೆವು. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ. ಮೀನಿಗೆ ಗುರಿಯಿಟ್ಟ ಅರ್ಜುನ. ಕಬ್ಬಿನ ಬಿಲ್ಲು ಹಿಡಿದು ಶಿವನ ಮೇಲೆ ಬಾಣ ಹೂಡಿದ ಮನ್ಮಥ. ಗಿರಿಜಾ ಕಲ್ಯಾಣ. ಅಪ್ಪನಿಗೆ ಇವೆಲ್ಲ ಕಥೆ ಬಾಯಿಪಾಠ, ಪ್ರತಿ ವರ್ಷ ಬಯಲಾಟ ನೋಡಿದವರು. ನನಗೇ ಹೇಳಿಕೊಟ್ಟರು. ಪಲ್ಲಕ್ಕಿ ಹೊತ್ತವರ ಭುಜ ನೋಡಿ "ಭಾರ ಐತೆ, ನೋಡು ಹೆಂಗೆ ಬಗ್ಯಾರೆ" ಅಂದರು. ಟೈರು ನೋಡಿ ತೂಕ ಹೇಳೋ ಕಣ್ಣು ಅದು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

"ಈ ಕೆಂಪು ಐತಲ್ಲ, ಇದು ನಮ್ಮ ಗುಡ್ಡದ್ದೇ ತಗೋ."

"ಪರೀಕ್ಷೆ ಮಾಡದೆ ಹೇಳಾಕೆ ಬರಲ್ಲಪ್ಪ."

"ಎಂಥ ಪರೀಕ್ಷೆ? ಇಲ್ಲಿಂದ ಸಂಡೂರು ಎಷ್ಟು ದೂರ? ಮಣ್ಣು ಯಾರಾದ್ರೂ ದೂರದಿಂದ ತರಿಸ್ತಾರೇನು? ಬಾಡಿಗೆ ಗಿಟ್ಟಂಗಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಆರ್ಟ್ ಹಿಸ್ಟರಿ ಪುಸ್ತಕದಲ್ಲೂ ಬಾಡಿಗೆ ಲೆಕ್ಕ ನೋಡಿಲ್ಲ. ಅಪ್ಪ ಅಲ್ಲಿಗೆ ಬಿಡಲಿಲ್ಲ. ಅಜ್ಜಿ ದೀಪಾವಳಿಗೆ ಗೋಡೆ ಬುಡಕ್ಕೆ ಮೊಳದೆತ್ತರ ಜಾಜು ಬಳಿದು ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದಳಂತೆ. ಅದಕ್ಕೆ ಮಣ್ಣು ತರೋಕೆ ಅಪ್ಪನೇ ಪುಟ್ಟಿ ಹೊತ್ತು ಗುಡ್ಡಕ್ಕೆ ಹೋಗುತ್ತಿದ್ದರಂತೆ. ಪೇಂಟು ಬಂದ ಮೇಲೆ ಬಿಟ್ಟರಂತೆ. ಇದನ್ನು ನಾನು ಮೊದಲ ಸಲ ಕೇಳಿದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಚೆನ್ನಿನಿಯ ಕಥೆ ಹೇಳಿದೆ. ಕಣಿವೆ, ಸಲಿಕೆ, ಬಣ್ಣದ ಪಟ್ಟೆ, ಅಪ್ಪ ಮಗ. ಅಪ್ಪ ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡರು. ಸಂಡೂರು ಗುಡ್ಡ ಕಾಣಿಸಿಕೊಳ್ಳುವ ಹೊತ್ತಿಗೆ ಕೇಳಿದರು:

"ಆ ಹುಡುಗನ ಅಪ್ಪ ಏನು ಕೆಲಸ ಮಾಡ್ತಿದ್ದ?"

"ಅಲ್ಲಿ ಬರೆದಿಲ್ಲಪ್ಪ. ಹೆಸರಷ್ಟೇ ಐತೆ."

"ಬರೀಬೇಕಿತ್ತು" ಅಂದರು ಅಪ್ಪ.